ಏರಿಯ ಮೇಲೆ ಹಾಕಿದ ಕುರ್ಚಿ

ಅರಸೀಕೆರೆಯಲ್ಲಿ ನಮ್ಮ ತಂದೆಯದು ಕೊಬ್ಬರಿ ಮಂಡಿ. ನಾನು ಮಂಡಿಯಲ್ಲಿ ಕೂರಲಿಲ್ಲ. ಬೆಂಗಳೂರಿನ ಒಂದು ದಿನಪತ್ರಿಕೆಗೆ ಬಾತ್ಮೀದಾರನಾದೆ. ತಾಲ್ಲೂಕಿನ ಸುದ್ದಿ ಬರೆದು, ಲಕೋಟೆಗೆ ಹಾಕಿ, ಸಂಜೆಯ ರೈಲಿಗೆ ಒಪ್ಪಿಸುವುದು ನನ್ನ ಕೆಲಸ. ಸೇರಿದಾಗ ಸಂಪಾದಕರು ಎರಡು ಮಾತು ಹೇಳಿದ್ದರು: ಕಂಡದ್ದನ್ನು ಕಂಡದ್ದೆಂದೂ ಕೇಳಿದ್ದನ್ನು ಕೇಳಿದ್ದೆಂದೂ ಬರೆ. ತಪ್ಪಾದರೆ ತಿದ್ದುಪಡಿ ಕಳಿಸು, ನಾಚಿಕೆ ಪಡಬೇಡ. ಇಷ್ಟು ವರ್ಷದಲ್ಲಿ ನಾನು ಹಲವು ತಿದ್ದುಪಡಿ ಕಳಿಸಿದ್ದೇನೆ. ಹಾರನಹಳ್ಳಿಯ ಪಂಚಾಯಿತಿ ಸದಸ್ಯರೊಬ್ಬರು ತೀರಿಕೊಂಡರೆಂದು ಬರೆದು, ಮಾರನೆಯ ದಿನ ಅವರೇ ಬಸ್ಸಿಳಿದು ನಮ್ಮ ಮಂಡಿಗೆ ಬಂದು ಎಳನೀರು ಕುಡಿದು ಹೋದದ್ದೂ ಉಂಟು. ಅದರ ತಿದ್ದುಪಡಿಯೂ ಅಚ್ಚಾಯಿತು. ಈಗ ಬರೆಯುತ್ತಿರುವುದು ಅಚ್ಚಾಗದೆ ಉಳಿದ ಒಂದರ ಬಗ್ಗೆ.

ನನ್ನ ತಂಗಿ ನನಗಿಂತ ನಾಲ್ಕು ವರ್ಷ ಚಿಕ್ಕವಳು. ಅವಳು ಹೈಸ್ಕೂಲಿನಲ್ಲಿದ್ದಾಗ ಮಂಡಿಯ ಸೂರಿಗೆ ಮಳೆನೀರು ಹರಿಯುವ ಹೊಸ ದೋಣಿ ಹಾಕಿಸಿದರು. ಬಡಗಿ ಇಳಿದ ಮೇಲೆ ಅವಳು ಅಂಗಳದಲ್ಲಿ ನಿಂತು ನೋಡಿ, ನೀರು ಚೀಲಗಳ ಕಡೆಗೇ ಬರುತ್ತದೆ ಎಂದಳು. ಬಡಗಿ ನಕ್ಕ. ಮುಂಗಾರಿನ ಮೊದಲ ಮಳೆಗೆ ನೀರು ಚೀಲಗಳ ಕಡೆಗೇ ಬಂತು. ನಮ್ಮ ತಂದೆ ಚೀಲಗಳನ್ನು ಬೇರೆ ಕಡೆ ಹೊರಿಸಿದರು. ಅವಳು ಇಂಟರ್‌ಮೀಡಿಯೆಟ್ ಮುಗಿಸಿ ಎಂಜಿನಿಯರಿಂಗ್ ಓದುತ್ತೇನೆ ಎಂದಾಗ, ಮನೆಯಲ್ಲಿ ಎಲ್ಲರೂ ಬೇಡವೆಂದರೂ, ಅವರೊಬ್ಬರು ಮಾತ್ರ, ನೀರು ಎತ್ತ ಹರಿಯುತ್ತದೆಂದು ಗೊತ್ತಿರುವವಳು ಮನೆಗೊಬ್ಬಳು ಇರಲಿ ಎಂದು ಒಪ್ಪಿದರು. ಅವಳ ತರಗತಿಯಲ್ಲಿ ಬೇರೆ ಹುಡುಗಿ ಇರಲಿಲ್ಲ. ಓದಿ ಮುಗಿಸಿದಳು. ಅರವತ್ತರ ದಶಕದ ಮೊದಲ ವರ್ಷಗಳವು. ರಸ್ತೆ, ಕಟ್ಟಡ, ಕೆರೆಗಳ ಕೆಲಸ ನೋಡುವ ಸರ್ಕಾರಿ ಉಪವಿಭಾಗವೊಂದಕ್ಕೆ ಅವಳನ್ನು ಹಾಕಿದರು. ಕಚೇರಿ ಬೇಲೂರಿನಲ್ಲಿತ್ತು. ನಮ್ಮ ಸೋದರತ್ತೆಯ ಮನೆಯೂ ಅಲ್ಲೇ ಇದ್ದುದರಿಂದ ಇಳಿದುಕೊಳ್ಳುವ ಚಿಂತೆ ಇರಲಿಲ್ಲ.

ಕೆಲಸಕ್ಕೆ ಸೇರುವ ದಿನ ಅವಳನ್ನು ಕರೆದುಕೊಂಡು ಹೋದವನು ನಾನು. ಅವಳು ಒಳಗೆ ಗುಮಾಸ್ತರ ಮುಂದೆ ಕಾಗದಗಳಿಗೆ ಸಹಿ ಹಾಕುತ್ತಿದ್ದಳು. ನಾನು ಹೊರಗೆ ಉಪವಿಭಾಗದ ಮೇಲಧಿಕಾರಿ ಸಾಹೇಬರ ಜೊತೆ ನಿಂತಿದ್ದೆ. ಐವತ್ತು ದಾಟಿದ ಮನುಷ್ಯ, ಮೃದು ಮಾತು, ಹಣೆಯಲ್ಲಿ ಗಂಧ. ಪತ್ರಿಕೆಯವನೆಂದು ನನಗೆ ಒಂದಿಷ್ಟು ಹೆಚ್ಚೇ ಮರ್ಯಾದೆ ಕೊಟ್ಟರು. ಹೊರಡುವಾಗ ನಾನು ಅಂದೆ:

"ನಮ್ಮ ತಂಗಿ, ಸಾರ್. ಬಿಸಿಲು, ಕಾಡು ಮೇಡು ಅಭ್ಯಾಸ ಇಲ್ಲ. ಸ್ವಲ್ಪ ನೋಡ್ಕೊಳ್ಳಿ."

"ನನಗೂ ಹೆಣ್ಮಕ್ಳಿದಾರೆ ಕಣ್ರೀ," ಎಂದರು. "ನೀವು ನಿಶ್ಚಿಂತೆಯಿಂದ ಹೋಗಿ."

ನಾನು ಹೇಳಿದ್ದು ನಿಜವಾಗಿರಲಿಲ್ಲ. ಕೊಬ್ಬರಿ ಒಣಹಾಕುವ ಕಣದಲ್ಲಿ ಬೇಸಗೆಯುದ್ದಕ್ಕೂ ಬರಿಗಾಲಲ್ಲಿ ಓಡಾಡಿ ಬೆಳೆದವಳು ಅವಳು. ಬಿಸಿಲು ತಡೆಯದೆ ಮಂಡಿಯ ನೆರಳಿಗೆ ಓಡುತ್ತಿದ್ದವನು ನಾನು. ಹೆಣ್ಣುಮಗಳನ್ನು ಎಲ್ಲಿಗಾದರೂ ಬಿಟ್ಟು ಬರುವಾಗ ಅಣ್ಣನಾದವನು ಹೇಳಬೇಕಾದ ಮಾತು ಅದು ಎಂದು ಹೇಳಿದೆ, ಅಷ್ಟೆ. ತಂಗಿಗೆ ತಿಳಿಸಲಿಲ್ಲ. ತಿಳಿಸುವಂಥ ವಿಷಯವೆಂದು ಅನ್ನಿಸಲೂ ಇಲ್ಲ.

ಸಾಹೇಬರು ಮಾತು ಉಳಿಸಿಕೊಂಡರು. ಗೋಡೆಯ ಮೂಲೆಯಲ್ಲಿ ಒಂದು ಮೇಜು ಹಾಕಿಸಿ, ಅದರ ಮುಂದೆ ಬಟ್ಟೆಯ ಅಡ್ಡಪರದೆ ಕಟ್ಟಿಸಿದರು. ಮಧ್ಯಾಹ್ನ ಅವರ ಮನೆಯಿಂದ ಅವಳಿಗೆಂದೇ ಮಜ್ಜಿಗೆ ಬರುತ್ತಿತ್ತು. ಕೆಲಸ ಟ್ರೇಸಿಂಗ್: ಇತರರು ಅಳೆದು ಬರೆದ ನಕ್ಷೆಗಳ ಮೇಲೆ ಮೇಣದ ಬಟ್ಟೆ ಹಾಸಿ, ಗೆರೆಗಳನ್ನು ಶಾಯಿಯಲ್ಲಿ ತಿದ್ದುವುದು. ಇಂಥ ಕೆಲಸಕ್ಕೆ ಎಂಜಿನಿಯರಿಂಗ್ ಪದವಿ ಬೇಕಿಲ್ಲ. ಅಕ್ಷರ ದುಂಡಗಿದ್ದರೆ ಸಾಕು.

ಆ ದಿನಗಳಲ್ಲಿ ನಾನು ಪತ್ರಿಕೆಗೆ, ಬೇಲೂರಿಗೆ ಮಹಿಳಾ ಎಂಜಿನಿಯರ್ ಬಂದ ಬಗ್ಗೆ ಒಂದು ಸುದ್ದಿ ಕಳಿಸಿದೆ. ಸಂಬಂಧ ಹೇಳದೆ, ಹೆಸರು ಹಾಕದೆ. ಅವಳ ಸರಳ ಉಡುಗೆ, ವಿನಯ, ಊರಿನ ಹೆಂಗಸರ ಸಂತೋಷ, ಎಲ್ಲ ಇತ್ತು. ಭಾನುವಾರ ಅವಳು ಮನೆಗೆ ಬಂದಾಗ ಮುಂದೆ ಹಿಡಿದೆ. ನಿಧಾನವಾಗಿ ಓದಿದಳು.

"ಇದರಲ್ಲಿ ನಾನು ಏನು ಕೆಲಸ ಮಾಡ್ತೀನಿ ಅಂತ ಇಲ್ವಲ್ಲ ಅಣ್ಣ?"

"ಏನು ಮಾಡ್ತೀಯ ಹೇಳು, ಇನ್ನೊಂದು ಸಲ ಬರೆಯೋಣ."

"ಟ್ರೇಸಿಂಗ್," ಎಂದಳು. ಪತ್ರಿಕೆಯನ್ನು ಮಡಿಸಿ ಕೊಟ್ಟಳು.

ಕೆಲಸ ಕಾಯಂ ಆಗುವ ನಿಯಮವನ್ನು ಅವಳು ವಿವರಿಸಿದ್ದು ಮುಂದೊಂದು ಭಾನುವಾರ. ಎರಡು ವರ್ಷ ಪ್ರೊಬೇಷನ್. ಅದರಲ್ಲಿ ಒಂದು ವರ್ಷವಾದರೂ ಹೊರಗೆಲಸ ಮಾಡಿರಬೇಕು, ಅದೂ ಸ್ವಂತ ಹೊಣೆಯ ಮೇಲೆ. ಹಾಗೆಂದು ಸಾಹೇಬರು ಬರೆದುಕೊಟ್ಟರೆ ಮಾತ್ರ ಎಂಜಿನಿಯರ್ ಹುದ್ದೆ ಕಾಯಂ. ಇಲ್ಲದಿದ್ದರೆ ಇಲ್ಲ. ಆಗಲೇ ಎಂಟು ತಿಂಗಳು ಕಳೆದಿತ್ತು. ಅವಳು ಹೊರಗೆಲಸ ಕೇಳಿದಾಗಲೆಲ್ಲ ಸಾಹೇಬರು, ಆಗಲಿ ತಾಯಿ, ಬಿಸಿಲು ಇಳೀಲಿ, ಮಳೆ ನಿಲ್ಲಲಿ ಎನ್ನುತ್ತಿದ್ದರಂತೆ. ಬಿಸಿಲು ಇಳಿದರೆ ಮಳೆ ಬರುತ್ತಿತ್ತು. ಓವರ್ಸಿಯರ್‌ಗಳಿಗೆ ಅವಳನ್ನು ಕಂಡು ಅಸೂಯೆ. ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು ಬಂದ ಒಬ್ಬ ಪರದೆಯಾಚೆಯಿಂದ ಹೇಳಿದನಂತೆ, "ನಾವು ಕೆರೆ ಬದೀಲಿ ಬೇಯ್ತೀವಿ, ನಿಮಗೆ ನೆರಳು, ಮಜ್ಜಿಗೆ. ಪುಣ್ಯ ಮಾಡಿದೀರಿ ಕಣ್ರೀ ಮೇಡಂ." ಅವನು ಕುಹಕ ಆಡಿದ್ದಲ್ಲ, ಹಾಗೆಂದೇ ನಂಬಿದ್ದ. ಅವಳ ಪಾಲಿನದನ್ನು ಕಿತ್ತುಕೊಳ್ಳುತ್ತಿದ್ದೇವೆ ಎಂದು ಆ ಕಚೇರಿಯಲ್ಲಿ ಒಬ್ಬರಿಗೂ ಅನ್ನಿಸಿರಲಿಲ್ಲ. ಎಲ್ಲರೂ ಕೊಡುತ್ತಿದ್ದೇವೆ ಎಂದುಕೊಂಡಿದ್ದರು.

ಹನ್ನೊಂದನೆಯ ತಿಂಗಳಲ್ಲಿ ಒಬ್ಬ ಓವರ್ಸಿಯರ್‌ಗೆ ಕಾಮಾಲೆಯಾಯಿತು. ಇನ್ನೊಬ್ಬನಿಗೆ ಬಿಕ್ಕೋಡಿನ ಕಡೆ ಸೇತುವೆ ಕೆಲಸ. ಉಳಿದವಳು ನನ್ನ ತಂಗಿ. ಹಳೇಬೀಡಿನಿಂದ ಹಗರೆಗೆ ಹೋಗುವ ದಾರಿಯ ಒಳಗೆ ಒಂದು ಕೆರೆ. ಹೆಚ್ಚಾದ ನೀರು ಹರಿದುಹೋಗುವ ಕಲ್ಲಿನ ಕೋಡಿಯನ್ನು ಒಂದಡಿ ಎತ್ತರಿಸಿದರೆ ಇನ್ನಷ್ಟು ಗದ್ದೆಗೆ ನೀರು ನಿಲ್ಲುತ್ತದೆಂದು ಊರಿನವರು ಅರ್ಜಿ ಕೊಟ್ಟಿದ್ದರು. ಕೋಡಿ ಎತ್ತರಿಸಬೇಕಾದರೆ ಮಣ್ಣಿನ ಏರಿ ಅದಕ್ಕಿಂತ ಎಷ್ಟು ಎತ್ತರವಿದೆ ಎಂದು ಮೊದಲು ಗೊತ್ತಾಗಬೇಕು. ಆ ಅಳತೆ ಅವಳಿಗೆ ಬಂತು. ಅಳತೆ ಯಾರದೋ ಮುಂದಿನ ಕಟ್ಟಡವೂ ಅವರದೇ ಎಂಬುದು ಕಚೇರಿಯ ವಾಡಿಕೆ. ಕೋಡಿಯ ಕೆಲಸ ಒಂದು ವರ್ಷವಾದರೂ ಹಿಡಿಯುತ್ತಿತ್ತು. ಅವಳಿಗೆ ಬೇಕಾದದ್ದೂ ಒಂದು ವರ್ಷವೇ.

ಸಾಹೇಬರು ಅವಳೊಡನೆ ಮೂವರು ಆಳುಗಳನ್ನು ಕಳಿಸಿದರು. ಜೊತೆಗೆ ಒಂದು ಕುರ್ಚಿ. ಹಳೇಬೀಡಿನ ಪ್ರವಾಸಿ ಬಂಗಲೆಯಿಂದ ತಂದ ಬೆತ್ತದ ಕುರ್ಚಿ ಅದು. ದಿನಾ ಬೆಳಿಗ್ಗೆ ಎತ್ತಿನ ಗಾಡಿಯಲ್ಲಿ ಅಳತೆಯ ಯಂತ್ರದ ಪಕ್ಕದಲ್ಲೇ ಕೂತು ಕೆರೆಗೆ ಹೋಗುತ್ತಿತ್ತು.

ನಾನು ಒಂದು ದಿನ ಹಳೇಬೀಡಿಗೆ ಸುದ್ದಿಗೆಂದು ಹೋದವನು ಕೆರೆಯವರೆಗೆ ನಡೆದು ಹೋದೆ. ಕಂಡದ್ದನ್ನು ಹೇಳುತ್ತೇನೆ. ಏರಿಯ ಮೇಲೆ ಮೂರು ಕಾಲಿನ ಯಂತ್ರ. ಅದರ ಪಕ್ಕದಲ್ಲಿ ಕುರ್ಚಿ. ಒಬ್ಬ ಆಳು ಕೊಡೆ ಹಿಡಿದು ನಿಂತಿದ್ದ. ತಂಗಿ ಕೂತಿರಲಿಲ್ಲ. ಯಂತ್ರದ ಕೊಳವೆಗೆ ಕಣ್ಣಿಟ್ಟು, ದೂರದಲ್ಲಿ ಇನ್ನೊಬ್ಬ ಆಳು, ಖಲಾಸಿ, ನೆಟ್ಟಗೆ ಹಿಡಿದ ಅಳತೆ ಕೋಲಿನ ಅಂಕಿ ಓದಿ, ಪುಸ್ತಕದಲ್ಲಿ ಬರೆಯುತ್ತಿದ್ದಳು. ಏರಿಯುದ್ದಕ್ಕೂ ಲಂಟಾನ ಪೊದೆ. ಕೋಲಿನ ಬುಡ ಇತ್ತ ಕಾಣುತ್ತಿರಲಿಲ್ಲ. ಅವಳು ಎರಡು ಸಲ ಕೋಲಿನ ಕಡೆ ಹೊರಟಳು. ಎರಡು ಸಲವೂ ಮೂವರೂ ಅಡ್ಡ ಬಂದರು.

"ಬ್ಯಾಡಿ ಅಮ್ಮಾವ್ರೇ, ಹುಳ ಹುಪ್ಪಟೆ ಐತೆ. ನೀವು ಕುಂತ್ಕಳಿ, ನಾವೇ ಓಡಾಡ್ತೀವಿ."

ಬೇರೆ ಎಂಜಿನಿಯರ್‌ಗಳು ಕೋಲಿನ ಹತ್ತಿರ ಹತ್ತು ಸಲ ನಡೆದು ಹೋಗಿ, ಖಲಾಸಿಗೆ ಬೈದು, ಬುಡ ನೋಡಿ ಬರುತ್ತಿದ್ದರಂತೆ. ಇವಳಿಗೆ ನಡೆಯಲು ಬಿಡಲಿಲ್ಲ. ನನಗೆ ಆ ದಿನ ಅನ್ನಿಸಿದ್ದು, ಎಷ್ಟು ಒಳ್ಳೆಯ ಜನ ಎಂದು. ಒಳ್ಳೆಯ ಜನವೇ.

ಅಳತೆ ಮುಗಿಯಲು ಐದು ವಾರ ಹಿಡಿಯಿತು. ಶುರು ಮಾಡಿದ ಗುರುತಿನ ಕಲ್ಲಿಗೇ ಬಂದು ಮುಗಿಸಿದಾಗ ಲೆಕ್ಕ ಕೂದಲೆಳೆಯಷ್ಟೂ ತಪ್ಪದೆ ಕೂಡಿತು. ಅವಳಿಗೆ ತೃಪ್ತಿಯಾಗಿತ್ತು. ಕೊನೆಯ ದಿನ ಯಂತ್ರ ಬಿಚ್ಚುವ ಮೊದಲು, ಆ ಕೆರೆಯ ನೀರು ಬಿಡುವ ನೀರುಗಂಟಿಯನ್ನು ಕರೆದು, ದೊಡ್ಡ ನೆರೆಯ ವರ್ಷ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಕೇಳಿದಳು. ಪುಸ್ತಕದಲ್ಲಿ ಬರೆದಾದ ಮೇಲೆ ಇಂಥವರನ್ನು ಕೇಳುವ ಪದ್ಧತಿ ಆ ಕಚೇರಿಯಲ್ಲಿ ಇರಲಿಲ್ಲ. ಮುದುಕ ತೂಬಿನ ಕಲ್ಲುಕಂಬದಲ್ಲಿ ಕೆತ್ತಿದ ಒಂದು ಬಳೆಯನ್ನು ತೋರಿಸಿದ. ನೀರು ಅಲ್ಲಿಗೆ ನಿಂತಾಗ, ಏರಿಯ ತೀರಾ ತಗ್ಗಾದ ಕಡೆ, ನೀರಿಗೂ ಏರಿಯ ತಲೆಗೂ ಒಂದು ಗೇಣು ಉಳಿದಿತ್ತು. ಅವನೇ ಆ ದಿನವೆಲ್ಲ ಕೈಯಿಟ್ಟು ಅಳೆಯುತ್ತಾ ಕೂತಿದ್ದನಂತೆ.

ಅವಳು ಮುದುಕನ ಗೇಣಿಗೆ ಸ್ಕೇಲ್ ಹಿಡಿದಳು. ಎಂಟು ಮುಕ್ಕಾಲು ಅಂಗುಲ. ಆಮೇಲೆ ಕಂಬದ ಬಳೆಯ ಮಟ್ಟವನ್ನು ಯಂತ್ರದಲ್ಲಿ ನೋಡಿ, ತನ್ನ ಪುಸ್ತಕದಿಂದ ಏರಿಯ ಆ ತಗ್ಗಿನ ಮಟ್ಟ ತೆಗೆದು ಕಳೆದಳು. ಹನ್ನೊಂದೂಕಾಲು ಅಂಗುಲ ಬಂತು.

"ಪುಸ್ತಕದಾಗೆ ಏನೈತೋ ನಂಗೊತ್ತಿಲ್ಲ ತಾಯಿ," ಎಂದನಂತೆ ನೀರುಗಂಟಿ. "ನನ್ ಕೈ ಎಲ್ಡೂವರೆ ಅಂಗುಲ ಬೆಳ್ದಿಲ್ಲ, ಕುಗ್ಗಿಲ್ಲ."

ಅವಳು ಖಲಾಸಿಗೆ ಹಿಂದಿನ ದಿನದ ಜಾಗದಲ್ಲಿ ಕೋಲು ಹಿಡಿಯಲು ಹೇಳಿ, ಯಾರು ಬೇಡವೆಂದರೂ ಕೇಳದೆ ಪೊದೆ ಬಗೆದುಕೊಂಡು ಅಲ್ಲಿಗೆ ಹೋದಳು. ಕೋಲು ನೆಲದ ಮೇಲೆ ಇರಲಿಲ್ಲ. ಒಂದು ಬಳಪದ ಕಲ್ಲಿನ ಮೇಲಿತ್ತು. ಹಳೇಬೀಡಿನಲ್ಲಿ ಎಲ್ಲೆಂದರಲ್ಲಿ ಬಿದ್ದಿರುವಂಥದೇ, ನುಣುಪಾದ ಚೌಕದ ತುಂಡು. ಖಲಾಸಿ ಅದನ್ನು ಜೋಳಿಗೆಯಲ್ಲಿ ಹಾಕಿಕೊಂಡು ಐದು ವಾರ ಹೊತ್ತಿದ್ದ. ಎಲ್ಲಿ ಮಣ್ಣಿದೆಯೋ ಅಲ್ಲೆಲ್ಲ ಮೊದಲು ಕಲ್ಲು, ಅದರ ಮೇಲೆ ಕೋಲು.

"ಯಾಕೆ ಹೀಗೆ?" ಎಂದು ಕೇಳಿದಳಂತೆ.

"ಕೋಲು ತಿರ್ಗಾ ನಿಮ್ ಕೈಗೆ ಬತ್ತದಲ್ಲ ಅಮ್ಮಾವ್ರೇ, ಕೆಸರಾಗಬಾರ್ದು ಅಂತ. ಗಂಡಸ್ರು ಸಾಹೇಬ್ರಿಗಾದ್ರೆ ನಾನ್ ಇಷ್ಟು ನಿಗಾ ಮಾಡಾಕಿಲ್ಲ."

ಕಲ್ಲಿನ ದಪ್ಪ ಎರಡೂವರೆ ಅಂಗುಲ. ಕೋಡಿ, ತೂಬು, ಗುರುತಿನ ಕಲ್ಲು ಮೂರೂ ಕಲ್ಲಿನವು, ಅಲ್ಲಿ ಕೆಸರಿಲ್ಲ. ಹಾಗಾಗಿ ಅಲ್ಲಿ ಕೋಲು ನೇರವಾಗಿ ನಿಂತಿತ್ತು. ಮಣ್ಣಿನ ಏರಿ ಮಾತ್ರ ಪುಸ್ತಕದಲ್ಲಿ, ನಿಜವಾಗಿ ಇದ್ದುದಕ್ಕಿಂತ ಎರಡೂವರೆ ಅಂಗುಲ ಎತ್ತರವಾಗಿ ಕೂತಿತ್ತು. ಶುರುವೂ ಕೊನೆಯೂ ಕೋಲು ನೇರವಾಗಿ ನಿಂತ ಆ ಗುರುತಿನ ಕಲ್ಲೇ ಆದ್ದರಿಂದ ಲೆಕ್ಕದಲ್ಲಿ ತಪ್ಪು ಹಿಡಿಯುವ ದಾರಿಯೇ ಇರಲಿಲ್ಲ. ನೀರುಗಂಟಿಯನ್ನು ಕೇಳದಿದ್ದರೆ ಆ ಅಂಕಿಗಳ ಮೇಲೇ ಕೋಡಿ ಏಳುತ್ತಿತ್ತು. ಮತ್ತೊಂದು ನೆರೆ ಬಂದಾಗ ಆ ಎರಡೂವರೆ ಅಂಗುಲವನ್ನು ಯಾರು ತುಂಬಿಕೊಡುತ್ತಿದ್ದರೋ ತಿಳಿಯದು.

ಅವಳು ಖಲಾಸಿಗೆ ಬೈಯಲಿಲ್ಲ. ಕಲ್ಲನ್ನು ತನ್ನ ಚೀಲಕ್ಕೆ ಹಾಕಿಕೊಂಡಳು. ನನಗೆ ಕಾರ್ಡು ಬರೆದಳು. ಮುಂದಿನ ಶನಿವಾರ ಮತ್ತು ಭಾನುವಾರ ಏರಿಯ ಮಟ್ಟಗಳನ್ನಷ್ಟೇ ಮತ್ತೆ ಅಳೆದಳು, ನಾನೇ ಕೋಲು ಹಿಡಿದೆ. ಕುರ್ಚಿ ತರಿಸಲಿಲ್ಲ. ಒಂದೊಂದು ಜಾಗಕ್ಕೂ ಅವಳು ನಡೆದು ಬಂದು ಬುಡ ನೋಡಿ, ನೆಟ್ಟಗೆ ಹಿಡಿ, ಬಾಗಿಸಬೇಡ ಎಂದು ಹೇಳಿ ಹಿಂತಿರುಗುತ್ತಿದ್ದಳು. ಎರಡನೆಯ ದಿನ ಮಧ್ಯಾಹ್ನಕ್ಕೆ ನನ್ನ ಕತ್ತು ಸುಟ್ಟು ಹೋಗಿತ್ತು. ಅವಳಿಗೆ ಏನೂ ಆಗಿರಲಿಲ್ಲ. ಹೊಸ ಅಂಕಿಗಳು ಏರಿಯ ಎಲ್ಲ ಕಡೆಯೂ ಹಳೆಯವಕ್ಕಿಂತ ಎರಡೂವರೆ ಅಂಗುಲ ಕಡಿಮೆ ಬಂದವು. ಎರಡು ಪುಟದ ವರದಿ ಬರೆದಳು: ತಪ್ಪು ಹೇಗಾಯಿತು, ಹೇಗೆ ಗೊತ್ತಾಯಿತು, ಸರಿಯಾದ ಮಟ್ಟಗಳು ಇವು. ನಾನು ಓದಿದೆ. ಅಷ್ಟು ಚೊಕ್ಕವಾದ ತಿದ್ದುಪಡಿಯನ್ನು ನಾನು ಎಂದೂ ಬರೆದಿರಲಿಲ್ಲ.

ಸೋಮವಾರ ನಾನೂ ಅವಳ ಜೊತೆ ಕಚೇರಿಗೆ ಹೋದೆ. ಸಾಹೇಬರು ವರದಿಯನ್ನು ಎರಡು ಸಲ ಓದಿದರು. ಕನ್ನಡಕ ತೆಗೆದರು. ಅವರಿಗೆ ನಿಜವಾಗಿ ನೋವಾಗಿತ್ತು.

"ಇದನ್ನ ನಾನು ಮೇಲಕ್ಕೆ ಕಳಿಸಲ್ಲಮ್ಮ," ಎಂದರು. "ಗಂಡಸು ತಪ್ಪು ಮಾಡಿದ್ರೆ ತಪ್ಪು ಅಂತಾರೆ. ನೀನು ಮಾಡಿದ್ರೆ ಹೆಂಗಸು ಅಂತಾರೆ. ಆ ಮಾತು ನಿನ್ನ ಮೇಲೆ ಬರಬಾರದು."

ಅವರ ಉಪಾಯ ಇದು: ಹಳೆಯ ಪುಸ್ತಕ ಬದಿಗಿಡುವುದು. ಹೊಸ ಅಂಕಿಗಳನ್ನು ಕಾಮಾಲೆಯಿಂದ ಎದ್ದು ಬಂದ ಓವರ್ಸಿಯರ್‌ನ ಹೆಸರಿನಲ್ಲಿ ಬರೆಸುವುದು. ಹಾಗೆ ಮಾಡಿದರೆ ತಪ್ಪು ಯಾರ ಹೆಸರಿನಲ್ಲೂ ಉಳಿಯುವುದಿಲ್ಲ.

"ಹಾಗಾದ್ರೆ ಕೋಡಿ ಕೆಲಸ?" ಎಂದು ತಂಗಿ ಕೇಳಿದಳು.

"ಅದು ಅವನಿಗೇ ಹೋಗ್ತದೆ. ನಿನಗೆ ಯಾಕಮ್ಮ ಆ ಕೆಸರು?"

"ನನಗೆ ಹೊರಗೆಲಸ ಬೇಕು ಸಾರ್. ನಾನು ಬಂದಾಗಿನಿಂದ ಕೇಳ್ತಿದೀನಿ. ನೀವೇ ತಡೀತಿದೀರಿ."

ಅವರು ನನ್ನ ಕಡೆ ತಿರುಗಿದರು. ಸಹಾಯಕ್ಕೆಂಬಂತೆ.

"ನಾನು ತಡೀತಿದೀನೇನ್ರೀ? ನೀವೇ ಹೇಳಿ," ಎಂದು ಮತ್ತೆ ಅವಳ ಕಡೆ ನೋಡಿದರು. "ಮೊದಲನೇ ದಿನ ನಿಮ್ಮ ಅಣ್ಣನವರೇ ಬಂದು, ಬಿಸಿಲು ಅಭ್ಯಾಸ ಇಲ್ಲ, ನೋಡ್ಕೊಳ್ಳಿ ಅಂತ ನನ್ನ ಕೈಲಿ ಒಪ್ಪಿಸಿದ್ರಲ್ಲಮ್ಮ."

ತಂಗಿ ನನ್ನ ಕಡೆ ನೋಡಲಿಲ್ಲ. ವರದಿಯನ್ನು ಮೇಜಿನಿಂದ ಎತ್ತಿಕೊಂಡು ಹೊರಗೆ ಹೋದಳು.

ನಾನು ಅವಳ ಹಿಂದೆಯೇ ಬಸ್ ನಿಲ್ದಾಣದವರೆಗೆ ನಡೆದೆ. ಅರಸೀಕೆರೆಯ ಬಸ್ಸು ಇನ್ನೂ ಬಂದಿರಲಿಲ್ಲ. ನಾನು ಏನೋ ಸಮಜಾಯಿಷಿ ಶುರು ಮಾಡಿದೆ: ಎಲ್ಲರೂ ಹೇಳುವ ಮಾತು, ಒಳ್ಳೆಯದಕ್ಕೇ ಹೇಳಿದ್ದು.

"ಬಿಸಿಲು ಅಭ್ಯಾಸ ಇಲ್ಲ ಅಂತ ನಿನಗೆ ಹೇಳಿದ್ದು ಯಾರು?" ಎಂದು ಕೇಳಿದಳು.

"ಯಾರೂ ಹೇಳಲಿಲ್ಲ."

"ಕಂಡಿದ್ಯಾ?"

"ಇಲ್ಲ."

"ಕಂಡದ್ದಲ್ಲ, ಕೇಳಿದ್ದೂ ಅಲ್ಲ. ಪೇಪರಲ್ಲಾದ್ರೆ ಬರೀತಿದ್ಯಾ?" ಎಂದಳು. "ಯಾರದೋ ಸಾವಿನ ಸುದ್ದಿ ತಪ್ಪಾದ್ರೆ ತಿದ್ದುಪಡಿ ಹಾಕ್ತೀಯ. ಹೋಗಿ ಇದಕ್ಕೂ ಹಾಕು ಅಣ್ಣ."

ಬಸ್ಸು ಬಂತು. ನಾನು ಹತ್ತಲಿಲ್ಲ. ಅತ್ತೆಯ ಮನೆಗೆ ಹೋಗಿ ಒಂದು ಕಾಗದ ಬರೆದೆ. ಇಂಥ ದಿನ ನಾನು ಹೇಳಿದ ಮಾತು ತಪ್ಪು, ನನ್ನ ತಂಗಿಗೆ ಬಿಸಿಲೂ ನಡಿಗೆಯೂ ಚಿಕ್ಕಂದಿನಿಂದ ಅಭ್ಯಾಸವಿದೆ, ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ, ಕೆರೆಯ ಅಳತೆ ಅವಳ ಹೆಸರಿನಲ್ಲೇ ಇರಲಿ, ತಪ್ಪೂ ಅವಳದು, ತಿದ್ದುಪಡಿಯೂ ಅವಳದು. ಸಂಜೆ ಸಾಹೇಬರ ಮನೆಗೆ ಹೋಗಿ ಕೊಟ್ಟೆ. ಅವರು ಕಾಫಿ ತರಿಸಿದರು. ಓದಿದರು. ಮಡಿಸಿ ಜೇಬಿಗೆ ಇಟ್ಟುಕೊಂಡರು.

"ತಂಗಿ ಅತ್ತಿರಬೇಕು. ಅದಕ್ಕೆ ಬಂದಿದೀರಿ."

"ಅವಳು ಅಳಲಿಲ್ಲ ಸಾರ್."

"ಒಡಹುಟ್ಟಿದವರು ಹಂಗೇ ಕಣ್ರೀ," ಎಂದು ನಕ್ಕರು. "ನಾಳೆ ಅವಳಿಗೆ ಏನಾದ್ರೂ ಆದ್ರೆ ನೀವೇ ಬಂದು ನನ್ನ ಕೇಳ್ತೀರಿ. ನಾನು ಒಂದ್ಸಲ ಮಾತು ಕೊಟ್ಟಾಗಿದೆ."

ಇನ್ನೂ ಎರಡು ಸಲ ಹೋದೆ. ನಮ್ಮ ತಂದೆಯವರನ್ನೂ ಕರೆದುಕೊಂಡು ಹೋದೆ. ತಂದೆ, ನಾನು ಯಾವತ್ತೂ ಹಂಗೆ ಹೇಳಿಲ್ಲ, ಹೇಳಿದೋನು ಇವನು ಎಂದು ನನ್ನನ್ನು ತೋರಿಸಿದರು. ಸಾಹೇಬರು ಇಬ್ಬರಿಗೂ ಕಾಫಿ ಕೊಟ್ಟರು. ನನ್ನ ಮೊದಲ ಮಾತನ್ನು ನಂಬಲು ಅವರಿಗೆ ಯಾವ ಸಾಕ್ಷಿಯೂ ಬೇಕಾಗಿರಲಿಲ್ಲ. ಎರಡನೆಯದಕ್ಕೆ ಕಾಗದ ಕೊಟ್ಟೆ, ಸಹಿ ಕೊಟ್ಟೆ, ತಂದೆಯನ್ನೇ ತಂದು ನಿಲ್ಲಿಸಿದೆ, ಸಾಕಾಗಲಿಲ್ಲ. ಅವರು ಕೆಟ್ಟವರಾಗಿದ್ದರೆ ಪತ್ರಿಕೆಯಲ್ಲಿ ಬರೆಯಬಹುದಿತ್ತು. ಬರೆಯಲೆಂದು ಕೂತೆ. ಮೊದಲ ವಾಕ್ಯದಲ್ಲಿ ಯಾರು ಯಾರಿಗೆ ಏನು ಅನ್ಯಾಯ ಮಾಡಿದರು ಎಂದು ಬರಬೇಕು. ಮಜ್ಜಿಗೆ ಕಳಿಸಿದರು, ಕುರ್ಚಿ ಹಾಕಿಸಿದರು, ಕೆಸರಾಗದಂತೆ ಕಲ್ಲು ಇಟ್ಟರು ಎಂದು ಬರೆದರೆ ಯಾವ ಸಂಪಾದಕ ಅಚ್ಚು ಹಾಕುತ್ತಾನೆ? ಹಾಕಿದರೂ ಓದಿದವರು ಸಾಹೇಬರಿಗೆ ಅಭಿನಂದನೆ ಕಳಿಸುತ್ತಿದ್ದರು. ಇನ್ನೊಂದು ಕಾರಣವೂ ಇತ್ತು. ಆ ಮೊದಲ ವಾಕ್ಯದಲ್ಲಿ ನಾನೂ ಬರಬೇಕಾಗಿತ್ತು. ಹಾಳೆಯನ್ನು ಹರಿದು ಹಾಕಿದೆ.

ಕೋಡಿಯ ಕೆಲಸ ಓವರ್ಸಿಯರ್‌ಗೆ ಹೋಯಿತು. ಅವಳ ಎರಡನೆಯ ಅಳತೆಯ ಅಂಕಿಗಳ ಮೇಲೆಯೇ ಕಟ್ಟಿದರು. ಕೋಡಿಯನ್ನು ಒಂದಡಿ ಎತ್ತರಿಸುವ ಬದಲು ಆರು ಅಂಗುಲಕ್ಕೆ ನಿಲ್ಲಿಸಿದರು. ಅದು ಅವಳ ವರದಿಯ ಕೊನೆಯ ಸಾಲಿನಲ್ಲಿದ್ದ ಸಲಹೆ. ವರದಿ ಮೇಲಕ್ಕೆ ಹೋಗಲಿಲ್ಲ, ಸಲಹೆ ಹೋಯಿತು. ನಾನು ತಿಳಿದಂತೆ ಆ ಕೆರೆ ಈಗಲೂ ಗಟ್ಟಿಯಾಗಿದೆ.

ಎರಡು ವರ್ಷ ತುಂಬಿದಾಗ ಸಾಹೇಬರು ಬರೆದುಕೊಟ್ಟ ಪತ್ರವನ್ನು ನಾನು ಕಣ್ಣಾರೆ ನೋಡಿದ್ದೇನೆ. ಇಂಗ್ಲಿಷಿನಲ್ಲಿತ್ತು. ನಡತೆ ಅತ್ಯುತ್ತಮ, ಒಳ್ಳೆಯ ಮನೆತನ, ಕೈಬರಹ ಅತ್ಯುತ್ತಮ. ಹೊರಗೆಲಸದ ಎದುರಿಗೆ, ಇಲ್ಲ. ಪಕ್ಕದಲ್ಲಿ ಒಂದು ಸಾಲು: ಗೌರವಸ್ಥ ಕುಟುಂಬದ ಹೆಣ್ಣುಮಗಳಾದ್ದರಿಂದ ಆ ಕಷ್ಟ ಕೊಡಲಿಲ್ಲ. ಇದು ತಾವು ಅವಳಿಗೆ ಮಾಡಿದ ಶಿಫಾರಸು ಎಂದು ಅವರು ತಿಳಿದಿದ್ದರು. ಮೇಲಿನ ಕಚೇರಿ ಅದನ್ನು ಓದಿ, ಎಂಜಿನಿಯರ್ ಹುದ್ದೆಗೆ ಅರ್ಹತೆ ಸಾಲದು, ಒಪ್ಪಿದರೆ ನಕ್ಷೆಗಾರರ ವಿಭಾಗದಲ್ಲಿ ಕಾಯಂ ಮಾಡಬಹುದು ಎಂದು ಬರೆಯಿತು. ಅವಳು ಇನ್ನೊಂದು ವರ್ಷದ ಅವಧಿ ಕೇಳಿದಳು. ಕೊಟ್ಟರು, ಬೇರೆ ಯಾವುದಾದರೂ ಉಪವಿಭಾಗ ಹೊರಗೆಲಸಕ್ಕೆ ತೆಗೆದುಕೊಂಡರೆ ಎಂಬ ಷರತ್ತಿನ ಮೇಲೆ. ಮೂರು ಕಡೆ ಅರ್ಜಿ ಹಾಕಿದಳು. ಮೂರು ಕಡೆಯೂ ಬಹಳ ಮರ್ಯಾದೆಯಿಂದ ಮಾತಾಡಿಸಿದರು.

ಕೊನೆಗೆ ನಕ್ಷೆಗಾರರ ವಿಭಾಗಕ್ಕೆ ಸೇರಿದಳು. ಊರಿನಲ್ಲಿ ಎಲ್ಲರೂ ಮೆಚ್ಚಿದರು. ಹೆಣ್ಣುಮಗಳಿಗೆ ಹೊಂದುವ ಕೆಲಸ ಎಂದರು. ಅವಳ ಮೇಜಿನ ಮೇಲೆ ಆ ಬಳಪದ ಕಲ್ಲು ಇತ್ತು. ಮೇಣದ ಬಟ್ಟೆ ಸುರುಳಿ ಸುತ್ತದಂತೆ ಮೂಲೆಗೆ ಇಡುತ್ತಿದ್ದಳು. ಯಾರಾದರೂ ಕೇಳಿದರೆ ಎರಡೂವರೆ ಅಂಗುಲ ಎಂದಷ್ಟೇ ಹೇಳುತ್ತಿದ್ದಳು.

ಅದೇ ದಶಕದ ಕೊನೆಗೆ ನಮ್ಮ ಚಿಕ್ಕಪ್ಪನ ಮಗಳು ಎಂಜಿನಿಯರಿಂಗ್ ಡಿಪ್ಲೊಮಾ ಮುಗಿಸಿದಳು. ಕೆಲಸವೂ ಸಿಕ್ಕಿತು, ರಸ್ತೆ ಕೆಲಸ. ಸೇರುವ ದಿನ ಬೆಳಿಗ್ಗೆ ಚಿಕ್ಕಪ್ಪ ನಮ್ಮ ಮನೆಗೆ ಬಂದರು. ಪತ್ರಿಕೆಯವನು ನೀನು, ನಿನ್ನ ಮಾತಿಗೆ ಬೆಲೆ ಐತೆ, ಜೊತೇಲಿ ಹೋಗಿ ಅಲ್ಲಿನ ಸಾಹೇಬರಿಗೆ ಒಂದು ಮಾತು ಹೇಳಿ ಬಾ ಎಂದರು. ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಡಲು ನಿಂತಿದ್ದೆ. ರಜೆಯ ಮೇಲೆ ಬಂದಿದ್ದ ತಂಗಿ ಜಗಲಿಯಲ್ಲಿ ಕಾಯಿ ತುರಿಯುತ್ತಿದ್ದಳು. ತುರಿಯುವುದನ್ನು ನಿಲ್ಲಿಸಿದಳು.

"ಅಲ್ಲಿ ಹೋಗಿ ಏನು ಹೇಳ್ತೀಯ ಅಣ್ಣ?"

ಉತ್ತರಕ್ಕೆ ಬಾಯಿ ತೆರೆದೆ. ನನ್ನ ಬಾಯಲ್ಲಿ ಸಿದ್ಧವಾಗಿದ್ದುದು, ಸ್ವಲ್ಪ ನೋಡ್ಕೊಳ್ಳಿ ಎಂಬ ಅದೇ ಮಾತು. ಇಷ್ಟೆಲ್ಲ ಆದ ಮೇಲೂ ಬೇರೆ ಮಾತು ಇರಲಿಲ್ಲ. ಚಿಕ್ಕಪ್ಪನ ಮಗಳು ಹೊಸ್ತಿಲಲ್ಲಿ ಪೆಟ್ಟಿಗೆ ಹಿಡಿದು ನನಗಾಗಿ ಕಾಯುತ್ತಿದ್ದಳು.

ನಾನು ಬರುವುದಿಲ್ಲ ಎಂದೆ. ಚಿಕ್ಕಪ್ಪನಿಗೆ ಸಿಟ್ಟು ಬಂತು. ಮನೆಯ ಹುಡುಗಿಗೆ ಇಷ್ಟೂ ಮಾಡಲಾರೆಯಾ ಎಂದರು. ಎಷ್ಟೋ ದಿನ ಆ ಮಾತನ್ನು ಬಿಡಲಿಲ್ಲ. ತಂಗಿ ಎದ್ದು ಕೈ ಒರೆಸಿಕೊಂಡು ಹೊಸ್ತಿಲಿಗೆ ಹೋದಳು. ಹುಡುಗಿಗೆ ಹೇಳಿದ್ದು ಇಷ್ಟೇ:

"ಕುರ್ಚಿ ಹಾಕಿದ್ರೆ ಅದೇ ದಿನ ವಾಪಸ್ ಕಳಿಸು. ಕೋಲಿನ ಬುಡಕ್ಕೆ ನೀನೇ ನಡೆದು ಹೋಗು."

ಹುಡುಗಿಗೆ ಅರ್ಥವಾಯಿತೋ ಇಲ್ಲವೋ. ತಲೆಯಾಡಿಸಿ, ಪೆಟ್ಟಿಗೆ ಎತ್ತಿಕೊಂಡು, ಒಬ್ಬಳೇ ಬಸ್ ನಿಲ್ದಾಣದ ಕಡೆ ಹೋದಳು. ನಾನು ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದೆ. ತಂಗಿ ಮತ್ತೆ ಕಾಯಿ ತುರಿಯಲು ಕೂತಳು.